ಔಷಧ ಉಚಿತ, ಜೊತೆಗಾರ ಎಲ್ಲಿ? ಬೆಂಗಳೂರಿನ ಹೊರವಲಯದ ದುಡಿಯುವ ಗಂಡಸರು ಮತ್ತು ಎಚ್‌ಐವಿ ಚಿಕಿತ್ಸೆ



ಸಾರ್ವಜನಿಕ ಆರೋಗ್ಯದ ಒಂದು ವಿಷಯವನ್ನು ವೈದ್ಯರಲ್ಲದವರಿಗೂ ತಿಳಿಯುವಂತೆ ಕನ್ನಡದಲ್ಲಿ ಚರ್ಚಿಸಬೇಕು ಎಂಬುದು ಈ ಉಪನ್ಯಾಸವನ್ನು ನಡೆಸುವ ದತ್ತಿಯ ಆಶಯ. ಅದಕ್ಕೆ ತಕ್ಕಂತೆ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಜಿಗಣಿಗಳಲ್ಲಿ ದುಡಿಯುವ ಗಂಡಸರ ಬಗ್ಗೆ ಮಾತನಾಡಲು ಬಂದಿದ್ದೇನೆ. ಅವರಲ್ಲಿ ಎಚ್‌ಐವಿ ಸೋಂಕು ಇರುವವರು ಚಿಕಿತ್ಸೆಯನ್ನು ನಡುವೆ ಬಿಡುವುದು ಯಾಕೆ? ಬಿಡದಂತೆ ಅವರನ್ನು ಹಿಡಿದಿಡುವುದು ಏನು?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಾತ್ರೆ ಇದೆ, ಉಚಿತವಾಗಿ ಸಿಗುತ್ತದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಕಾನೂನೂ ಇದೆ. ಸಾಲದಿರುವುದು ಆ ಗಂಡಸಿನಂತೆಯೇ ಬದುಕುವ, ಅವನ ಮಾತನ್ನೇ ಆಡುವ, ದಿನವೂ ಅದೇ ಮಾತ್ರೆ ನುಂಗುವ ಇನ್ನೊಬ್ಬ ಗಂಡಸಿನ ಆಸರೆ. ಸರ್ಕಾರದ ಎಚ್‌ಐವಿ ಕಾರ್ಯಕ್ರಮದ ಕಾಗದಗಳಲ್ಲಿ ಅವನು ಪೀರ್. ನಾನು ಅವನನ್ನು ಜೊತೆಗಾರ ಎನ್ನುತ್ತೇನೆ. ಅವನ ಕೆಲಸವನ್ನು ಸಂಬಳ, ತರಬೇತಿ, ರಕ್ಷಣೆ ಇರುವ ಹುದ್ದೆಯನ್ನಾಗಿ ಮಾಡಬೇಕು ಎಂಬುದು ಈ ಉಪನ್ಯಾಸದ ವಾದ.

ಮೊದಲು ನಾವು ಎಷ್ಟು ದೂರ ಬಂದಿದ್ದೇವೆ ಎಂಬುದನ್ನು ನೋಡೋಣ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅದನ್ನು ಪತ್ತೆ ಹಚ್ಚಿದರು. ಆಮೇಲೆ ಹದಿನೆಂಟು ವರ್ಷ ಬಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಈ ಔಷಧ ಸಿಗಲಿಲ್ಲ. 2004ರ ಏಪ್ರಿಲ್ 1ರಂದು ಕರ್ನಾಟಕವೂ ಸೇರಿ ಸೋಂಕು ಹೆಚ್ಚಿದ್ದ ರಾಜ್ಯಗಳಲ್ಲಿ ಉಚಿತ ಎಆರ್‌ಟಿ, ಅಂದರೆ ವೈರಸ್ಸನ್ನು ಹತ್ತಿಕ್ಕುವ ಔಷಧ ಚಿಕಿತ್ಸೆ, ಶುರುವಾಯಿತು. ಬೆಂಗಳೂರಿನಲ್ಲಿ ಬೌರಿಂಗ್ ಆಸ್ಪತ್ರೆಯ ಎಆರ್‌ಟಿ ಕೇಂದ್ರಕ್ಕೆ ದೂರದ ಊರುಗಳಿಂದ ಜನ ಬರತೊಡಗಿದರು. ಆಗ ರೋಗನಿರೋಧಕ ಶಕ್ತಿಯನ್ನು ತೋರಿಸುವ ಸಿಡಿ4 ಸಂಖ್ಯೆ ಒಂದು ಮಟ್ಟಕ್ಕೆ ಇಳಿಯುವವರೆಗೆ ಕಾಯಬೇಕಿತ್ತು. 2017ರಿಂದ ಆ ಕಾಯುವಿಕೆ ಇಲ್ಲ. ಪರೀಕ್ಷೆಯಲ್ಲಿ ಪಾಸಿಟಿವ್ ಎಂದು ಬಂದ ಯಾರೇ ಆದರೂ ಚಿಕಿತ್ಸೆ ಶುರು ಮಾಡಬಹುದು. 2020ರಿಂದ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳು ಒಂದೇ ಮಾತ್ರೆಯಲ್ಲಿ ಬಂದಿವೆ. ದಿನಕ್ಕೆ ಒಂದು ಮಾತ್ರೆ, ಅಷ್ಟೇ.

ಆ ಒಂದು ಮಾತ್ರೆ ಏನು ಮಾಡುತ್ತದೆ ಎಂಬುದು ಈ ಸಭೆಯಿಂದ ಹೊರಗೆ ಹೋಗಿ ಎಲ್ಲರ ಕಿವಿಗೂ ಬೀಳಬೇಕಾದ ಸಂಗತಿ. ತಪ್ಪದೆ ತೆಗೆದುಕೊಂಡರೆ ರಕ್ತದಲ್ಲಿ ವೈರಸ್ಸಿನ ಪ್ರಮಾಣ, ಅಂದರೆ ವೈರಲ್ ಲೋಡ್, ಯಂತ್ರಕ್ಕೂ ಕಾಣದಷ್ಟು ಇಳಿಯುತ್ತದೆ. ಹಾಗೆ ಇಳಿದ ಸ್ಥಿತಿಯಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ದಾಟುವುದಿಲ್ಲ. 2011ರ ಎಚ್‌ಪಿಟಿಎನ್ 052 ಅಧ್ಯಯನ, 2016 ಮತ್ತು 2019ರ ಪಾರ್ಟ್‌ನರ್ ಅಧ್ಯಯನಗಳು ಇದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸಿಕೊಟ್ಟಿವೆ. ಈ ಮಾತ್ರೆ ನುಂಗುವ ಗಂಡಸು ಮದುವೆಯಾಗಬಹುದು, ಸೋಂಕಿಲ್ಲದ ಮಕ್ಕಳಿಗೆ ತಂದೆಯಾಗಬಹುದು, ವಯಸ್ಸಾಗುವವರೆಗೆ ದುಡಿಯಬಹುದು. ಬಿಟ್ಟರೆ ವೈರಸ್ಸು ಮತ್ತೆ ಏರುತ್ತದೆ, ಕ್ಷಯ ಬರಬಹುದು. ಆಗಾಗ ಬಿಟ್ಟು ಹಿಡಿದು ಮಾಡಿದರೆ ಔಷಧಕ್ಕೆ ಬಗ್ಗದ ವೈರಸ್ಸು ಬೆಳೆಯುವ ಅಪಾಯವೂ ಇದೆ. 2021ರ ಅಂದಾಜಿನಂತೆ ಕರ್ನಾಟಕದಲ್ಲಿ ಸುಮಾರು 2.76 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ದೇಶದಲ್ಲಿ ನಮ್ಮ ರಾಜ್ಯದ್ದು ಮೂರನೆಯ ಸ್ಥಾನ. ಹಾಗಾಗಿ ಚಿಕಿತ್ಸೆಯಲ್ಲಿ ಉಳಿಯುವುದು ಎಂಬ ಪ್ರಶ್ನೆ ನಮ್ಮದೇ ಊರುಗಳ, ನಮ್ಮದೇ ಕಾರ್ಖಾನೆಗಳ ಪ್ರಶ್ನೆ.

ಈಗ ಹೊರವಲಯಕ್ಕೆ ಬರೋಣ. ಪೀಣ್ಯದ ಮಷೀನ್ ಶಾಪ್‌ಗಳು, ಪವರ್ ಪ್ರೆಸ್‌ಗಳು, ಪೌಡರ್ ಕೋಟಿಂಗ್ ಮತ್ತು ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಲ್ಲಿ ದುಡಿಯುವವರು ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರ, ಸುಂಕದಕಟ್ಟೆಗಳ ಸಣ್ಣ ಕೋಣೆಗಳಲ್ಲಿ ಇರುತ್ತಾರೆ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ, ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರ ಕನಸಿನಂತೆ, 1970ರ ದಶಕದ ಕೊನೆಯಲ್ಲಿ ಕಟ್ಟಿದ ಎಲೆಕ್ಟ್ರಾನಿಕ್ ಸಿಟಿಯ ಸುತ್ತ, ಹೆಬ್ಬಗೋಡಿ, ವೀರಸಂದ್ರ, ಬೊಮ್ಮಸಂದ್ರಗಳಲ್ಲಿ, ಇನ್ನೊಂದು ದೊಡ್ಡ ಜನಸಮೂಹವಿದೆ. ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ಹಿಂದೆ, ಕಾಡುಗೋಡಿ, ಹೂಡಿಗಳಲ್ಲಿ ಸೆಕ್ಯುರಿಟಿ, ಹೌಸ್‌ಕೀಪಿಂಗ್, ಡೆಲಿವರಿ, ಕ್ಯಾಬ್, ಗಾರೆ ಕೆಲಸದವರಿದ್ದಾರೆ. ಬಾಗಲಕೋಟೆ, ವಿಜಯಪುರ, ರಾಯಚೂರು, ಕಲಬುರಗಿಯಿಂದ ಬಂದವರು, ಒಡಿಶಾ, ಬಿಹಾರ, ಜಾರ್ಖಂಡ್, ಅಸ್ಸಾಮಿನಿಂದ ಬಂದವರು ಇಲ್ಲಿ ಒಂದೇ ಕೋಣೆಯ ಬಾಡಿಗೆಯನ್ನು ನಾಲ್ಕೈದು ಜನ ಹಂಚಿಕೊಳ್ಳುತ್ತಾರೆ.

ಅವರಲ್ಲಿ ಒಬ್ಬನನ್ನು ಊಹಿಸಿಕೊಳ್ಳಿ. ಮುಧೋಳದ ಕಡೆಯ ಇಪ್ಪತ್ತೆಂಟರ ಯುವಕ. ಪೀಣ್ಯದಲ್ಲಿ ಗುತ್ತಿಗೆ ಮೇಲೆ ಪ್ರೆಸ್ ಆಪರೇಟರ್. ಪರೀಕ್ಷೆಯಲ್ಲಿ ಪಾಸಿಟಿವ್ ಬಂದಿದೆ. ಎಆರ್‌ಟಿ ಕೇಂದ್ರದಲ್ಲಿ ಹೆಸರು ಬರೆಸಿದ, ಹಸಿರು ರಟ್ಟಿನ ಪುಸ್ತಕ, ಎಲ್ಲರೂ ಗ್ರೀನ್ ಬುಕ್ ಎನ್ನುವುದು, ಕೈಗೆ ಬಂತು, ಮೂವತ್ತು ಮಾತ್ರೆಗಳ ಡಬ್ಬಿ ಬಂತು. ಅವನ ಕಷ್ಟ ಅಲ್ಲಿಂದ ಆಚೆ ಶುರು. ಡಬ್ಬಿಯನ್ನು ಎಲ್ಲಿಡುವುದು? ಕೋಣೆಯಲ್ಲಿ ಒಂದೇ ಟ್ರಂಕು, ಎಲ್ಲರ ಕೈ ಎಲ್ಲ ಚೀಲಕ್ಕೂ ಹೋಗುತ್ತದೆ. ಕೇಂದ್ರ ತೆರೆಯುವುದು ಕೆಲಸದ ದಿನಗಳಲ್ಲಿ; ಭಾನುವಾರ ಬಾಗಿಲು ಹಾಕಿರುತ್ತದೆ. ಒಂದು ದಿನ ಹೋಗಿಬಂದರೆ ಆ ದಿನದ ಕೂಲಿ ಹೋಯಿತು. ಪದೇ ಪದೇ ರಜೆ ಕೇಳಿದರೆ ಸೂಪರ್‌ವೈಸರ್ ಕಾರಣ ಕೇಳುತ್ತಾನೆ. ಊರಿನಿಂದ ತಾಯಿಯ ಫೋನು: ಹೆಣ್ಣು ನೋಡಿದ್ದೇವೆ, ಬಾ. ರಾತ್ರಿ ಗೆಳೆಯರು ಕರೆಯುತ್ತಾರೆ, ಕುಡಿಯುತ್ತಾನೆ. ಕುಡಿದ ದಿನ ಮಾತ್ರೆ ತಗೋಬಾರದು ಎಂದು ಯಾರೋ ಹೇಳಿದ್ದು ನೆನಪಾಗಿ ಬಿಟ್ಟುಬಿಡುತ್ತಾನೆ. ಮೂರು ತಿಂಗಳಿಗೆ ತೂಕ ಏರಿದೆ, ಜ್ವರವಿಲ್ಲ, ಮೈ ಗಟ್ಟಿಯಾಗಿದೆ. ಚೆನ್ನಾಗಿದ್ದೀನಲ್ಲ, ಇನ್ನು ಯಾಕೆ ಎನ್ನಿಸುತ್ತದೆ. ಜಾತ್ರೆಗೆಂದು ಊರಿಗೆ ಹೋದವನು ತಿಂಗಳು ಅಲ್ಲೇ ಉಳಿಯುತ್ತಾನೆ. ಕೇಂದ್ರದ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಮಿಸ್ ಎಂದು ಬೀಳುತ್ತದೆ.

ಇವುಗಳಲ್ಲಿ ಒಂದೂ ಅವನ ಬುದ್ಧಿಯ ಕೊರತೆಯಿಂದ ಬಂದದ್ದಲ್ಲ. ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರು ದಿನಕ್ಕೆ ಹತ್ತಾರು ಜನರನ್ನು ನೋಡುತ್ತಾರೆ. ಅವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಲಗ್ಗೆರೆಯ ಆ ಕೋಣೆಯಲ್ಲಿ ರಾತ್ರಿ ಹತ್ತು ಗಂಟೆಗೆ ಏನಾಗುತ್ತದೆ ಎಂಬುದನ್ನು ತಿಳಿಯಲು ಆ ಕೋಣೆಯಂಥ ಕೋಣೆಯಲ್ಲಿ ಬದುಕಿದವರೇ ಬೇಕು.

ಜೊತೆಗಾರ ಮಾಡುವ ಕೆಲಸವೇನು? ಮೊದಲ ದಿನ ಕೇಂದ್ರಕ್ಕೆ ಜೊತೆಯಲ್ಲಿ ಹೋಗುತ್ತಾನೆ. ಯಾವ ಕೌಂಟರ್, ಯಾವ ಸಾಲು, ರಕ್ತ ಎಲ್ಲಿ ಕೊಡುವುದು ಎಂದು ತೋರಿಸುತ್ತಾನೆ. ತನ್ನ ಗ್ರೀನ್ ಬುಕ್ ತೆಗೆದು, ನೋಡು ತಮ್ಮಾ, ನನ್ನದು ಇಷ್ಟು ಹಳೆಯದು, ನಾನು ಹೆಂಗದೀನಿ ನೋಡು ಎನ್ನುತ್ತಾನೆ. ಒಬ್ಬ ಗಂಡಸಿನ ಹೆದರಿಕೆಯನ್ನು ಕರಗಿಸಲು ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿಲ್ಲ. ಮಾತ್ರೆಯನ್ನು ಎಲ್ಲಿ ಬಚ್ಚಿಡುವುದು, ಶಿಫ್ಟ್ ಬದಲಾದ ವಾರ ಹೊತ್ತನ್ನು ಹೇಗೆ ಹೊಂದಿಸುವುದು ಎಂದು ಹೇಳಿಕೊಡುತ್ತಾನೆ. ಹಿಂದೆ ಎಫಾವಿರೆನ್ಜ್ ಇದ್ದ ಮಾತ್ರೆ ಕೊಡುತ್ತಿದ್ದಾಗ ತಲೆಸುತ್ತು, ಕೆಟ್ಟ ಕನಸು ಬರುತ್ತಿತ್ತು. ಮಲಗುವ ಮುನ್ನ ತೆಗೆದುಕೊಳ್ಳಿ ಎಂಬ ಸಲಹೆ ಇತ್ತು. ನೈಟ್ ಶಿಫ್ಟಿನಲ್ಲಿ ಪ್ರೆಸ್ ಮುಂದೆ ನಿಲ್ಲುವವನಿಗೆ ಮಲಗುವ ಹೊತ್ತು ಬೆಳಗಿನದು. ಅದನ್ನು ಯೋಚಿಸಿ ಹೇಳುವವರು ಬೇಕಿತ್ತು. ಈಗಿನ ಮಾತ್ರೆಗೆ ಆ ತೊಂದರೆ ಕಡಿಮೆ, ಊಟಕ್ಕೆ ಮುಂಚೆಯೋ ನಂತರವೋ ಎಂಬ ಕಟ್ಟೂ ಇಲ್ಲ. ಆದರೆ ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಆ್ಯಂಟಾಸಿಡ್ ಜೊತೆಗೆ ನುಂಗಿದರೆ ಡೊಲುಟೆಗ್ರಾವಿರ್ ಸರಿಯಾಗಿ ಮೈಗೆ ಹತ್ತುವುದಿಲ್ಲ; ಅದಕ್ಕೆ ಎರಡು ಗಂಟೆ ಮುಂಚೆ ಇಲ್ಲವೇ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಹೋಟೆಲ್ ಊಟ ಮಾಡಿ ಗ್ಯಾಸ್ ಔಷಧ ಕುಡಿಯುವ ಕಾರ್ಮಿಕನಿಗೆ ಇದು ಗೊತ್ತಿರಲೇಬೇಕು. ಗ್ಯಾಸ್ ಔಷಧ ಕುಡಿಯುತ್ತೇನೆಂದು ಅವನು ಡಾಕ್ಟರಿಗೆ ಹೇಳದೇ ಇರಬಹುದು, ಜೊತೆ ಕೂತು ಉಂಡವನಿಗೆ ಹೇಳದೆಯೂ ಗೊತ್ತಾಗುತ್ತದೆ.

ಸಂಸ್ಕೃತಿಯನ್ನು ಅರಿತು ನಡೆಯುವುದು ಎಂದರೆ ಗೋಡೆಯ ಪೋಸ್ಟರನ್ನು ನಾಲ್ಕು ಭಾಷೆಯಲ್ಲಿ ಅಚ್ಚು ಹಾಕಿಸುವುದು ಎಂದು ನಾವು ಸುಲಭವಾಗಿ ತಿಳಿದುಬಿಡುತ್ತೇವೆ. ಪೋಸ್ಟರ್ ಬೇಕು. ಅದಕ್ಕಿಂತ ಆಳಕ್ಕೆ ಹೋಗಬೇಕು. ರಂಜಾನ್ ಉಪವಾಸ ಹಿಡಿದವನಿಗೆ ಇಫ್ತಾರ್ ಆದ ಮೇಲೆ ಮಾತ್ರೆ ತಗೋ, ವ್ರತಕ್ಕೂ ಭಂಗವಿಲ್ಲ, ಚಿಕಿತ್ಸೆಗೂ ಭಂಗವಿಲ್ಲ ಎಂದು ಹೇಳಬಲ್ಲವನು ಬೇಕು. ಅಯ್ಯಪ್ಪ ಮಾಲೆ ಹಾಕಿದವನಿಗೆ, ಶ್ರಾವಣ ಸೋಮವಾರ ಮಾಡುವವನಿಗೆ, ಮಾತ್ರೆ ಮೈಲಿಗೆಯಲ್ಲ ಎಂದು ಅವನ ಭಕ್ತಿಯನ್ನು ಗೌರವಿಸಿಯೇ ತಿಳಿಸಬೇಕು. ಕುಡಿತ ಕೆಟ್ಟದ್ದು, ಕಡಿಮೆ ಮಾಡು. ಕುಡಿದಿದ್ದರೂ ಮಾತ್ರೆ ಬಿಡಬೇಡ ಎಂದು ನೇರವಾಗಿ, ಬೈಯದೆ ಹೇಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಗಂಡಸಾದವನು ಕಾಯಿಲೆ ಎಂದು ಕೂರಬಾರದು, ಅಳಬಾರದು, ಮನೆಗೆ ದುಡ್ಡು ಕಳಿಸುವುದೇ ಅವನ ಬೆಲೆ ಎಂದು ನಾವು ಹುಡುಗರಿಗೆ ಕಲಿಸಿದ್ದೇವೆ. ಆ ಪಾಠವನ್ನೇ ತಿರುಗಿಸಿ, ಮನೆಯವರನ್ನು ಸಾಕಬೇಕೆಂದರೆ ನೀನು ಬದುಕಿರಬೇಕು, ಗುಳಿಗಿ ತಗೊಂಡರೆ ಬದುಕಿರತೀ ಎಂದು ಹೇಳಲು ಹಾಗೆ ದುಡ್ಡು ಕಳಿಸುವ ಇನ್ನೊಬ್ಬನಿಗೇ ಸಾಧ್ಯ.

ಇದು ನಮ್ಮಲ್ಲಿ ಮಾತ್ರ ಕಾಣುವ ಸಂಗತಿಯಲ್ಲ. ಅಮೆರಿಕದಲ್ಲಿ ಲ್ಯಾಟಿನೊ ಜನ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ ಮಾತ್ರ. ಆದರೆ 2022ರ ಹೊಸ ಎಚ್‌ಐವಿ ಸೋಂಕುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಅವರದೇ. ಅಡುಗೆಮನೆ, ಗಾರೆ ಕೆಲಸ, ತೋಟಗಳಲ್ಲಿ ದುಡಿಯುವ ಅವರ ಗಂಡಸರನ್ನೂ ಭಾಷೆ, ರಜೆ ಸಿಗದ ಕೆಲಸ, ಮನೆಯ ಮರ್ಯಾದೆ, ಗಂಡಸುತನದ ಹಟ ಇವೇ ಕಾಡುತ್ತವೆ. ಜೊತೆಗೆ ದೇಶದಿಂದ ಹೊರಹಾಕುತ್ತಾರೆಂಬ ಭಯ. ಅಲ್ಲಿ ಪ್ರೊಮೊತೋರೆಸ್ ಎಂಬ ಆರೋಗ್ಯ ಕಾರ್ಯಕರ್ತರ ಪರಂಪರೆ ಬೆಳೆದಿದೆ: ಅದೇ ಬೀದಿಯವರು, ಸ್ಪ್ಯಾನಿಷ್ ಆಡುವವರು, ಮನೆಯವರಂತೆ ಬಾಗಿಲಿಗೆ ಬರುವವರು. ಆಫ್ರಿಕಾದಲ್ಲಿ, ಮೊಜಾಂಬಿಕ್‌ನ ತೇತೆ ಪ್ರಾಂತ್ಯದಲ್ಲಿ, 2008ರಿಂದ ಸೋಂಕಿತರೇ ಆರಾರು ಜನರ ಗುಂಪು ಕಟ್ಟಿಕೊಂಡು, ಸರದಿಯಂತೆ ಒಬ್ಬರು ಕೇಂದ್ರಕ್ಕೆ ಹೋಗಿ ಎಲ್ಲರ ಔಷಧ ತರುವ ಪದ್ಧತಿ ಬೆಳೆಯಿತು. ದೂರ ಮತ್ತು ಕೂಲಿ ನಷ್ಟ ಎರಡಕ್ಕೂ ಅದು ಉತ್ತರವಾಯಿತು.

ಇಷ್ಟೆಲ್ಲ ಯಾಕೆ, ಕೈಯಲ್ಲಿ ಮೊಬೈಲ್ ಇದೆಯಲ್ಲ, ಅದರಿಂದಲೇ ನೆನಪಿಸಿದರೆ ಆಗದೇ ಎಂದು ಐಟಿ ನಗರಿಯಲ್ಲಿ ಯಾರಾದರೂ ಕೇಳಬಹುದು. ಆ ಪ್ರಶ್ನೆಯನ್ನು ನಮ್ಮಲ್ಲೇ ಪರೀಕ್ಷಿಸಲಾಗಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯಲ್ಲಿದ್ದ ಡಾ. ಅನಿತಾ ಶೆಟ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಮೂರು ಕೇಂದ್ರಗಳಲ್ಲಿ ಹೊಸದಾಗಿ ಚಿಕಿತ್ಸೆ ಶುರು ಮಾಡಿದ 631 ಜನರನ್ನು 96 ವಾರ ಗಮನಿಸಿದರು. ಅರ್ಧದಷ್ಟು ಜನರಿಗೆ ವಾರಕ್ಕೊಮ್ಮೆ ಯಂತ್ರದ ಧ್ವನಿಯ ಕರೆ ಮತ್ತು ಚಿತ್ರಸಂದೇಶ ಹೋಗುತ್ತಿತ್ತು. 2014ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಚಿಕಿತ್ಸೆ ವಿಫಲವಾಗುವುದನ್ನು ಆ ಕರೆಗಳು ತಡೆಯಲಿಲ್ಲ. ನೆನಪಿಸುವುದು ಒಂದು, ಬಿಡಲು ಇದ್ದ ಕಾರಣವನ್ನು ಕೂತು ಬಿಡಿಸುವುದು ಇನ್ನೊಂದು. ಎರಡನೆಯದು ಯಂತ್ರದ ಧ್ವನಿಯಿಂದ ಆಗುವಂಥದ್ದಲ್ಲ ಎಂದು ನಾನು ಈ ಅಧ್ಯಯನವನ್ನು ಓದುತ್ತೇನೆ.

ಜೊತೆಗಾರರ ಶಕ್ತಿಯನ್ನು ಕರ್ನಾಟಕ ಹೊಸದಾಗಿ ಕಲಿಯಬೇಕಿಲ್ಲ. ಮೈಸೂರಿನಲ್ಲಿ ಲೈಂಗಿಕ ವೃತ್ತಿಯಲ್ಲಿರುವವರು 2004ರಿಂದ ಕಟ್ಟಿದ ಆಶೋದಯ ಸಮಿತಿ ತಮ್ಮವರನ್ನು ತಾವೇ ಆಸ್ಪತ್ರೆಗೆ ಕರೆದೊಯ್ದು, ತಾವೇ ಕಾವಲಿದ್ದು ಅದನ್ನು ತೋರಿಸಿಕೊಟ್ಟಿದೆ. ಬೆಂಗಳೂರಿನಲ್ಲಿ ಸಂರಕ್ಷ, ಮಿಲನ, ಸಂಗಮದಂಥ ಸಂಸ್ಥೆಗಳು, ಸರ್ಜಾಪುರ ರಸ್ತೆಯ ಸ್ನೇಹದಾನ ಆಸ್ಪತ್ರೆ, ರಾಜ್ಯದ ಸೋಂಕಿತರ ಒಕ್ಕೂಟಗಳು ಉಚಿತ ಔಷಧ ಸಿಗದ ಕಾಲದಿಂದ ಈ ಕೆಲಸದ ಭಾರ ಹೊತ್ತಿವೆ. 2013ರಲ್ಲಿ ದೇಶದಾದ್ಯಂತ ಶುರುವಾದ ವಿಹಾನ್ ಕಾರ್ಯಕ್ರಮ ಚಿಕಿತ್ಸೆ ಬಿಟ್ಟವರನ್ನು ಹುಡುಕಿ ಕರೆತರುವ ಕೆಲಸಕ್ಕೆ ಸೋಂಕಿತರನ್ನೇ ನೇಮಿಸಿತು. ಆದರೂ ದುಡಿಯುವ ಗಂಡಸು ಈ ಬಲೆಯಿಂದ ಜಾರುತ್ತಾನೆ. ಮಹಿಳೆಗೆ ಬಸಿರಿನ ಸಮಯದಲ್ಲಿ ಪರೀಕ್ಷೆ ಆಗುತ್ತದೆ, ಮಗುವಿಗಾಗಿ ಅವಳು ಆಸ್ಪತ್ರೆಗೆ ಬರುತ್ತಿರುತ್ತಾಳೆ. ಗಂಡಸಿಗೆ ಆಸ್ಪತ್ರೆಯ ಬಾಗಿಲು ತಟ್ಟುವ ಅಂಥ ಸಂದರ್ಭವೇ ಇಲ್ಲ. ಮೈ ಕುಸಿದ ಮೇಲೆ ಬರುತ್ತಾನೆ. ವಲಸೆ ಕಾರ್ಮಿಕನನ್ನು ಸರ್ಕಾರದ ಎಚ್‌ಐವಿ ಕಾರ್ಯಕ್ರಮ ಸೇತು ಸಮುದಾಯ ಎಂದು ಗುರುತಿಸಿದೆ, ಅಂದರೆ ಸೋಂಕು ಅವನ ಮೂಲಕ ಊರಿಗೆ ದಾಟೀತು ಎಂಬ ಎಚ್ಚರಿಕೆ. ಅವನು ಸ್ವತಃ ನೋವುಣ್ಣುವ, ಆರೈಕೆ ಬೇಕಾದ ಮನುಷ್ಯ ಎಂಬುದೂ ಅಷ್ಟೇ ಮುಖ್ಯವಾಗಿ ಕಾಣಬೇಕು. ಗಂಡಸರೊಂದಿಗೆ ಸಂಬಂಧ ಇರುವ ಗಂಡಸರ ಪಾಡಂತೂ ಇನ್ನೂ ಒಂಟಿ. ಅಂಥ ಸಂಬಂಧವನ್ನು ಅಪರಾಧವಾಗಿಸಿದ್ದ ದಂಡ ಸಂಹಿತೆಯ 377ನೇ ಕಲಮಿನ ಭಯವನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೆಗೆದುಹಾಕಿತು. ಊರಿನ, ಕೋಣೆಯ, ಕಚೇರಿಯ ಭಯ ಹಾಗೇ ಇದೆ. ಟೆಕ್ ಪಾರ್ಕಿನ ಒಳ್ಳೆಯ ಸಂಬಳದ ಉದ್ಯೋಗಿಯೂ ಇನ್ಶೂರೆನ್ಸ್ ಕಾಗದದಿಂದ ವಿಷಯ ಎಚ್‌ಆರ್‌ಗೆ ತಿಳಿದೀತೆಂದು ಹೆದರುತ್ತಾನೆ.

ಇಲ್ಲಿ ಒಂದು ಕಷ್ಟದ ಮಾತನ್ನು ಆಡಲೇಬೇಕು. ತನ್ನವನೇ ಜೊತೆಗಾರನಾಗಬೇಕು ಎನ್ನುತ್ತೇವೆ. ತನ್ನವನೆಂದರೆ ಎಷ್ಟು ತನ್ನವನು? ಅದೇ ತಾಲ್ಲೂಕಿನವನು ಜೊತೆಗಾರನಾದರೆ ಮಾತು ಸಲೀಸು, ಊಟ ಒಂದೇ, ದೇವರು ಒಂದೇ. ಆದರೆ ಅವನ ಬಾಯಿಂದ ಒಂದು ಮಾತು ಜಾರಿದರೆ ಊರಿನ ಕಟ್ಟೆಗೆ ಮುಟ್ಟಲು ಒಂದು ಫೋನು ಸಾಕು. ಬೆಂಗಳೂರಿಗೆ ಬಂದ ಅನೇಕರಿಗೆ ಈ ನಗರದ ದೊಡ್ಡ ಉಪಕಾರವೆಂದರೆ ಇಲ್ಲಿ ತಮ್ಮನ್ನು ಯಾರೂ ಗುರುತಿಸುವುದಿಲ್ಲ ಎಂಬುದು. ಅದನ್ನು ನಾವು ಕಸಿದುಕೊಳ್ಳಬಾರದು. ಆದ್ದರಿಂದ ಭಾಷೆ ಒಂದೇ ಇರಲಿ, ಊರು ಬೇರೆ ಇರಲಿ. ಕೆಲಸದ ರೀತಿ ಒಂದೇ ಇರಲಿ, ಕಾರ್ಖಾನೆ ಬೇರೆ ಇರಲಿ. ಜೊತೆಗಾರನನ್ನು ಆರಿಸುವ, ಬೇಡವೆಂದರೆ ಬದಲಿಸುವ ಹಕ್ಕು ಸೋಂಕಿತನದೇ ಆಗಿರಲಿ. ಕೋಣೆಯ ಬಾಗಿಲಿಗೆ ಸಂಸ್ಥೆಯ ಐಡಿ ಕಾರ್ಡ್ ತೂಗುಹಾಕಿಕೊಂಡು ಹೋಗಬಾರದು, ಕೆಲಸದ ಹೊತ್ತಿನಲ್ಲಿ ಫೋನ್ ಮಾಡಬಾರದು, ಹೆಸರುಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು. ಗುಟ್ಟನ್ನು ಕಾಯುವುದೇ ಈ ಕೆಲಸದ ಮೊದಲ ತರಬೇತಿ.

ಕಾನೂನು ಏನು ಹೇಳುತ್ತದೆ? 1997ರಲ್ಲೇ ಬಾಂಬೆ ಹೈಕೋರ್ಟು, ಸೋಂಕಿದೆ ಎಂಬ ಒಂದೇ ಕಾರಣಕ್ಕೆ ಕೆಲಸ ಕಳೆದುಕೊಂಡ ದಿನಗೂಲಿ ನೌಕರನೊಬ್ಬನ ಪರವಾಗಿ ನಿಂತಿತು. ಅವನ ಹೆಸರು ಹೊರಬರದಂತೆ ಅಕ್ಷರಗಳಿಂದಲೇ ಆ ಪ್ರಕರಣವನ್ನು ನಡೆಸಿತು. ಕೆಲಸ ಮಾಡುವ ಶಕ್ತಿ ಇರುವವನನ್ನು, ಇತರರಿಗೆ ಅಪಾಯವಿಲ್ಲದಿರುವಾಗ, ತೆಗೆಯುವಂತಿಲ್ಲ ಎಂಬುದು ಆ ತೀರ್ಪಿನ ಸಾರ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಬಾ ಎನ್ನುವಂತಿಲ್ಲ, ಒಪ್ಪಿಗೆಯಿಲ್ಲದೆ ಯಾರದೇ ಸ್ಥಿತಿಯನ್ನು ಬಯಲು ಮಾಡುವಂತಿಲ್ಲ, ತಾರತಮ್ಯ ಮಾಡುವಂತಿಲ್ಲ. ನೂರು ಅಥವಾ ಹೆಚ್ಚು ಜನರಿರುವ ಸಂಸ್ಥೆ ದೂರು ಅಧಿಕಾರಿಯನ್ನು ನೇಮಿಸಬೇಕು. ಆದರೆ ಪೀಣ್ಯದ ಹೆಚ್ಚಿನ ಘಟಕಗಳು ಸಣ್ಣವು. ನೂರಕ್ಕಿಂತ ಕಡಿಮೆ ಕೆಲಸಗಾರರ ಶೆಡ್ಡಿನಲ್ಲಿ ದುಡಿಯುವವನಿಗೆ ದೂರು ಅಧಿಕಾರಿಯೇ ಇಲ್ಲ. ರಾಜ್ಯದ ಲೋಕಪಾಲರವರೆಗೆ, ಅಂದರೆ ಕಾಯ್ದೆ ಹೇಳುವ ಓಂಬುಡ್ಸ್‌ಮನ್‌ವರೆಗೆ, ಹೋಗುವ ದಾರಿ ಅವನಿಗೆ ತಿಳಿದಿರುವುದಿಲ್ಲ. ಅದನ್ನು ತಿಳಿಸುವವನೂ ಜೊತೆಗಾರನೇ ಆಗಬೇಕು.

ಹಾಗಾದರೆ ಏನಾಗಬೇಕು? ನನ್ನ ಬೇಡಿಕೆಗಳು ನಾಲ್ಕು. ಒಂದು, ಪ್ರತಿ ಕೈಗಾರಿಕಾ ವಲಯಕ್ಕೂ ಜೊತೆಗಾರರ ತಂಡವಿರಲಿ; ಅವರಲ್ಲಿ ಉತ್ತರ ಕರ್ನಾಟಕದ ಕನ್ನಡ, ಹಿಂದಿ, ಒಡಿಯಾ, ಬಂಗಾಳಿ ಬಲ್ಲವರಿರಲಿ; ಅವರಿಗೆ ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ಸಂಬಳ, ಪ್ರಯಾಣ ಭತ್ಯೆ, ಇಎಸ್‌ಐ ಸೌಲಭ್ಯ ಸಿಗಲಿ. ಇನ್ನೊಬ್ಬರ ದುಃಖವನ್ನು ದಿನವೂ ಹೊರುವವರಿಗೆ ತಮ್ಮ ದುಃಖ ಇಳಿಸಿಕೊಳ್ಳುವ ಜಾಗವೂ ಇರಲಿ. ಎರಡು, ಪೀಣ್ಯ ಮತ್ತು ಬೊಮ್ಮಸಂದ್ರದಂಥ ಕಡೆ ವಾರಕ್ಕೆ ಒಂದು ದಿನ ಸಂಜೆ, ತಿಂಗಳಿಗೆ ಒಂದೆರಡು ಭಾನುವಾರ ಔಷಧ ಕೊಡುವ ವ್ಯವಸ್ಥೆಯಾಗಲಿ. ಸ್ಥಿರವಾಗಿರುವವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಸಿಗುವಂತೆ, ಊರಿಗೆ ಹೋದಾಗ ಅಲ್ಲಿನ ಕೇಂದ್ರದಲ್ಲೇ ಪಡೆಯುವಂತೆ ಜೊತೆಗಾರ ನೆರವಾಗಲಿ. ಮೂರು, ಸಣ್ಣ ಘಟಕಗಳಿಗೆಲ್ಲ ಸೇರಿ ಒಬ್ಬ ದೂರು ಅಧಿಕಾರಿಯನ್ನು ಕೈಗಾರಿಕಾ ಸಂಘಗಳೇ ಮುಂದೆ ನಿಂತು ನೇಮಿಸಲಿ. ನಾಲ್ಕು, ಇದರ ಖರ್ಚಿನ ಪಾಲನ್ನು ಈ ವಲಯದ ದೊಡ್ಡ ಕಂಪನಿಗಳು ಹೊರಲಿ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ವ್ಯಾಪ್ತಿಗೆ ಬರುವ ಕಂಪನಿಗಳು ಸರಾಸರಿ ಲಾಭದ ಶೇ. 2ನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು, ಆರೋಗ್ಯ ಅದರಲ್ಲಿ ಸೇರಿದೆ. ತಮ್ಮ ಕ್ಯಾಂಪಸ್ಸಿನ ಗೇಟು ಕಾಯುವವನು, ನೆಲ ಒರೆಸುವವನು, ಬಿಡಿಭಾಗ ಮಾಡಿಕೊಡುವವನು ಬದುಕಿ ಉಳಿಯುವುದಕ್ಕಿಂತ ಹತ್ತಿರದ ಸಾಮಾಜಿಕ ಕೆಲಸ ಅವರಿಗೆ ಇನ್ನೊಂದು ಸಿಗಲಾರದು.

ಸಭೆಯಲ್ಲಿರುವ ಪ್ರತಿಯೊಬ್ಬರೂ ಮಾಡಬಹುದಾದದ್ದೂ ಇದೆ. 1097 ಎಂಬ ಉಚಿತ ಸಹಾಯವಾಣಿಯ ಸಂಖ್ಯೆಯನ್ನು ನಿಮ್ಮ ಕಾರ್ಖಾನೆಯ ಸೂಚನಾ ಫಲಕದಲ್ಲಿ, ಪಿಜಿಯ ಗೋಡೆಯ ಮೇಲೆ ಬರೆಸಿ. ಮಾತ್ರೆ ತಪ್ಪದೆ ನುಂಗಿ ವೈರಸ್ಸು ಕಾಣದ ಮಟ್ಟಕ್ಕೆ ಇಳಿದವರಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ, ಒಟ್ಟಿಗೆ ಉಣ್ಣುವುದರಿಂದ, ಒಂದೇ ಕೋಣೆಯಲ್ಲಿ ಮಲಗುವುದರಿಂದ ಯಾರಿಂದಲೂ ಎಂದೂ ಹರಡುವುದಿಲ್ಲ ಎಂಬುದನ್ನು ಮನೆಯಲ್ಲಿ, ಕ್ಯಾಂಟೀನಿನಲ್ಲಿ ಧೈರ್ಯವಾಗಿ ಹೇಳಿ. ಈ ನಗರವನ್ನು ಕಟ್ಟಲು ನಾವು ದೂರದೂರದ ಊರುಗಳಿಂದ ಗಂಡಸರನ್ನು ಕರೆಸಿಕೊಂಡಿದ್ದೇವೆ. ಅವರು ಆರೋಗ್ಯವಾಗಿ ಊರಿಗೆ ಮರಳುವಂತೆ ನೋಡಿಕೊಳ್ಳುವ ಹೊಣೆ ನಮ್ಮದು, ಅದಕ್ಕೆ ಬೇಕಾದ ಔಷಧ, ಕಾನೂನು, ಅನುಭವ ಮೂರೂ ನಮ್ಮಲ್ಲಿವೆ. ಮುಂದಿನ ವರ್ಷ ಈ ದತ್ತಿಯ ವೇದಿಕೆಯಲ್ಲಿ ಈ ವಿಷಯವನ್ನು ಒಬ್ಬ ಜೊತೆಗಾರನೇ, ಸಂಬಳ ಪಡೆಯುವ ಆರೋಗ್ಯ ಕಾರ್ಯಕರ್ತನಾಗಿ ನಿಂತು ಮಾತನಾಡುವಂತೆ ಮಾಡಬೇಕೆಂದು ಆಡಳಿತ ಮಂಡಳಿಯನ್ನು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.